ಮಾಳಿಗೆಯ ಪಿಸಿ ಕೆಳಗಿನ ಲ್ಯಾಪ್‌ಟಾಪಿಗೆ ಸಿಗ್ತಿರ್ಲಿಲ್ಲ: ಕಟಪಾಡಿ ಮನೆಯ ಫೈಲ್ ಶೇರಿಂಗ್ ರಿಪೇರಿ

ಮೊದ್ಲು ಯಾವ್ದು ಎಲ್ಲಿ ಉಂಟು ಹೇಳಿಬಿಡ್ತೇನೆ, ಇಲ್ಲದಿದ್ರೆ ಮುಂದಿನದ್ದು ತಲೆಬುಡ ಗೊತ್ತಾಗ್ಲಿಕ್ಕಿಲ್ಲ. ಕಟಪಾಡಿಯಿಂದ ಮಟ್ಟು ಕಡೆ ಹೋಗುವ ರಸ್ತೆಯಲ್ಲಿ ದೊಡ್ಡಪ್ಪನ ಮನೆ, ಕೆಂಪುಕಲ್ಲಿನ ದಪ್ಪ ಗೋಡೆ, ಹೆಂಚಿನ ಮಾಡು. ಚಾವಡಿಯಲ್ಲಿ ಫೈಬರಿನ ಬಾಕ್ಸ್, ನೆಟ್‌ನವ್ರು ಇಟ್ಟು ಹೋದದ್ದು, ವೈಫೈ ಅದ್ರಲ್ಲೇ ಬರ್ತದೆ. ಮಾಳಿಗೆಗೆ ಆ ವೈಫೈ ಮುಟ್ಟುದಿಲ್ಲ, ಕೆಂಪುಕಲ್ಲು ಸಿಗ್ನಲನ್ನು ಅಲ್ಲೇ ನುಂಗ್ತದೆ, ಹಾಗೆ ಯಾರೋ ಒಬ್ರು ಬಂದು ಹೊರಗಿನ ಗೋಡೆ ಮೇಲಿಂದ ಲ್ಯಾನ್ ವೈರ್ ಎಳೆದು ಮೇಲೆ ಇನ್ನೊಂದು ರೌಟರ್ ಕೂರಿಸಿ ಕೊಟ್ಟಿದ್ರು. ಆ ರೌಟರಿಗೆ ವೈರಲ್ಲಿ ಕೂತದ್ದು ದೊಡ್ಡಪ್ಪನ ಡೆಸ್ಕ್‌ಟಾಪ್, ವಿಂಡೋಸ್ 10 ಹೋಮ್. ಅದ್ರೊಳಗೆ ಸುಮಾರು 600 ಜಿಬಿ ಯಕ್ಷಗಾನ, ತಾಳಮದ್ದಳೆ, ಅರ್ಧಕ್ಕರ್ಧ ಅವ್ರೇ ಕ್ಯಾಸೆಟ್ಟಿಂದ ಕೂತು ಕಂಪ್ಯೂಟರಿಗೆ ಇಳಿಸಿದ್ದು. ಬೇರೆಲ್ಲೂ ಒಂದು ಕಾಪಿ ಇಲ್ಲ. ಈಗ ಕೆಳಗೆ ಹೊಸ ಲ್ಯಾಪ್‌ಟಾಪ್ ಬಂದಿದೆ, ವಿಂಡೋಸ್ 11 ಪ್ರೊ, 24ಎಚ್2 ವರ್ಶನ್. ಅವ್ರಿಗೆ ಮೊಣಗಂಟು ನೋವು, ಮೆಟ್ಟಿಲು ಹತ್ತದೆ ಚಾವಡಿಯಲ್ಲೇ ಕೂತು ಕೇಳ್ಬೇಕು, ನನಗೆ ಅದೆಲ್ಲದರ ಬ್ಯಾಕಪ್ ತೆಗಿಬೇಕು. ಕೆಲಸ ಇಷ್ಟೇ.

ಲ್ಯಾಪ್‌ಟಾಪಲ್ಲಿ ನೆಟ್‌ವರ್ಕ್ ತೆರೆದ್ರೆ ಪೂರಾ ಖಾಲಿ. ಎಡ್ರೆಸ್ ಬಾರಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಡೆಸ್ಕ್‌ಟಾಪಿನ ಹೆಸರು ಹೊಡೆದ್ರೆ ಒಂದಷ್ಟು ಹೊತ್ತು ತಿರುಗಿ ಕೊನೆಗೆ ನೆಟ್‌ವರ್ಕ್ ಪಾಥ್ ಸಿಗ್ಲಿಲ್ಲ ಅಂತ ಎರರ್, 80070035ರಲ್ಲಿ ಮುಗಿಯುವ ಕೋಡ್. ಈ ಕೋಡ್ ಹಾಕಿ ಯೂಟ್ಯೂಬಲ್ಲಿ ಹುಡುಕಿದ್ರೆ ಹತ್ತು ಜನ ಹೇಳುದು ಒಂದೇ: ಎಸ್‌ಎಂಬಿ1 (ವಿಂಡೋಸ್ ಫೈಲ್ ಶೇರ್ ಮಾಡುವ ಭಾಷೆ ಎಸ್‌ಎಂಬಿ, ಅದ್ರ ಹಳೇ ಕಾಲದ್ದು ಇದು) ಆನ್ ಮಾಡಿ, ಫೈರ್‌ವಾಲ್ ಆಫ್ ಮಾಡಿ, ಎವ್ರಿವನ್‌ಗೆ ಫುಲ್ ಕಂಟ್ರೋಲ್ ಕೊಡಿ. ಮಾರಾಯ್ರೆ, ಅದು ರಿಪೇರಿ ಅಲ್ಲ, ಬಾಗಿಲು ಕಿತ್ತು ಅಂಗಳಕ್ಕೆ ಬಿಸಾಡಿ ಈಗ ಒಳಗೆ ಬರ್ಲಿಕ್ಕೆ ಆಗ್ತದೆ ಅಂತ ಹೇಳಿದ ಹಾಗೆ. ಅಲ್ಲದೆ ಈ ಎರರ್ ಹೇಳುದು "ನನಗೆ ಆ ಕಂಪ್ಯೂಟರೇ ಸಿಗ್ಲಿಲ್ಲ" ಅಂತ ಮಾತ್ರ, ಪರ್ಮಿಶನ್ನಿನ ಮಾತೇ ಇನ್ನೂ ಬರ್ಲಿಲ್ಲ ಅಲ್ಲಿ. ಹಾಗಾಗಿ ನಾನು ಕೆಳಗಿಂದ ಶುರು ಮಾಡುದು ಯಾವಾಗ್ಲೂ: ದಾರಿ ಉಂಟಾ, ಪೋರ್ಟ್ ತೆರೆದಿದೆಯಾ, ಲಾಗಿನ್ ಆಗ್ತದಾ, ಆಮೇಲೆ ಫೋಲ್ಡರಿನ ಪರ್ಮಿಶನ್. ನೆಟ್‌ವರ್ಕಲ್ಲಿ ಐಕಾನ್ ಕಾಣುದು ಬಿಡುದು ಎಲ್ಲಕ್ಕಿಂತ ಕೊನೆಗೆ, ಅದು ಕಾಣದೆಯೂ ಶೇರಿಂಗ್ ಚೆಂದ ನಡಿತದೆ.

ಎರಡೂ ಕಡೆ ಸಿಎಂಡಿ ತೆಗೆದು ಐಪಿಕಾನ್ಫಿಗ್ ಹೊಡೆದೆ, ಅದು ಕಂಪ್ಯೂಟರಿನ ಐಪಿ, ಅಂದ್ರೆ ನೆಟ್‌ವರ್ಕಿನ ವಿಳಾಸ, ತೋರಿಸ್ತದೆ. ಲ್ಯಾಪ್‌ಟಾಪ್ 192.168.1.14, ಗೇಟ್‌ವೇ (ಹೊರಗೆ ಹೋಗುವ ಬಾಗಿಲು, ಅಂದ್ರೆ ರೌಟರ್) 192.168.1.1. ಡೆಸ್ಕ್‌ಟಾಪ್ 192.168.0.102, ಗೇಟ್‌ವೇ 192.168.0.1. ಅರ್ಧ ಕತೆ ಅಲ್ಲೇ ಗೊತ್ತಾಯ್ತು, ಒಂದೇ ಮನೆಯೊಳಗೆ ಎರಡು ಬೇರೆ ನೆಟ್‌ವರ್ಕ್. ಮೇಲಿನ ರೌಟರಿಗೆ ಕೆಳಗಿಂದ ಬಂದ ವೈರನ್ನು ವ್ಯಾನ್ ಪೋರ್ಟಿಗೆ, ಅಂದ್ರೆ ಇಂಟರ್ನೆಟ್ ಬರುವ ಕಿಂಡಿಗೆ, ಚುಚ್ಚಿದ್ದಾರೆ, ಹಾಗಾಗಿ ಅದು ತನ್ನದೇ ಒಂದು ಸಣ್ಣ ನೆಟ್‌ವರ್ಕ್ ಕಟ್ಟಿಕೊಂಡು, ತನ್ನದೇ ಡಿಎಚ್‌ಸಿಪಿ (ಐಪಿ ನಂಬರ್ ಹಂಚುವ ಕೆಲಸ) ಇಟ್ಟುಕೊಂಡು, ಹೊರಗೆ ಹೋಗುದಕ್ಕೆಲ್ಲ ನ್ಯಾಟ್, ಅಂದ್ರೆ ಒಳಗಿನವ್ರ ಐಪಿ ಅಡಗಿಸಿ ತನ್ನ ಐಪಿ ಹಾಕಿ ಕಳಿಸುದು, ಮಾಡ್ತಾ ಕೂತಿದೆ. ಇಂಟರ್ನೆಟ್ಟಿಗೆ ಇದ್ರಿಂದ ಎಂತ ತೊಂದ್ರೆ ಇಲ್ಲ, ಯೂಟ್ಯೂಬ್ ವಾಟ್ಸಾಪ್ ಎಲ್ಲ ಓಡ್ತದೆ, ಹಾಗೆ ಇಷ್ಟು ವರ್ಷ ಯಾರಿಗೂ ಗೊತ್ತೇ ಆಗ್ಲಿಲ್ಲ.

ಇದ್ರಲ್ಲೊಂದು ಮಜಾ ಉಂಟು. ಮೇಲಿನ ಡೆಸ್ಕ್‌ಟಾಪಿಂದ ಕೆಳಗಿನ ಲ್ಯಾಪ್‌ಟಾಪಿಗೆ ಐಪಿ ಹೊಡೆದ್ರೆ ಹೋಗ್ತದೆ. ಯಾಕಂದ್ರೆ ಮೇಲಿನ ರೌಟರಿನ ವ್ಯಾನ್ ಕಾಲು ಇರುದು ಕೆಳಗಿನ ನೆಟ್‌ವರ್ಕಲ್ಲೇ, ಲ್ಯಾಪ್‌ಟಾಪಿಗೆ ಅದು ಪಕ್ಕದಲ್ಲಿರುವ 192.168.1ರ ಯಾರೋ ಮಾತಾಡಿದ ಹಾಗೇ ಕಾಣ್ತದೆ. ಆದ್ರೆ ಕೆಳಗಿಂದ ಮೇಲೆ ಆಗುದಿಲ್ಲ, ಲ್ಯಾಪ್‌ಟಾಪಿಗೆ 192.168.0 ಎಲ್ಲಿ ಉಂಟು ಅಂತ ಗೊತ್ತಿಲ್ಲ, ಫೈಬರ್ ಬಾಕ್ಸಿಗೂ ಗೊತ್ತಿಲ್ಲ, ಅದು ಪ್ಯಾಕೆಟನ್ನು ಹೊರಗೆ ಇಂಟರ್ನೆಟ್ ಕಡೆ ದೂಡ್ತದೆ, ಅಲ್ಲಿಗೆ ಕತೆ ಮುಗೀತು. ಒಂದು ಕಡೆಯಿಂದ ಆಗ್ತದೆ ಇನ್ನೊಂದು ಕಡೆಯಿಂದ ಆಗುದಿಲ್ಲ ಅಂತ ಯಾರಾದ್ರೂ ಹೇಳಿದ್ರೆ ಮೊದ್ಲು ಈ ಎರಡು ರೌಟರಿನ ಸಂಗತಿ ನೋಡಿ, ನಮ್ಮ ಕಡೆ ದೊಡ್ಡ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಲ ಅದೇ ಇರ್ತದೆ ಅಂತ ನನ್ನ ಅನುಭವ. ಗೆಸ್ಟ್ ವೈಫೈಗೆ ಕನೆಕ್ಟ್ ಆಗಿದ್ರೂ ಹೀಗೇ ಮುಖ ನೋಡದ ಪರಿಸ್ಥಿತಿ, ಅಲ್ಲಿ ಒಂದು ಡಿವೈಸಿಗೆ ಇನ್ನೊಂದು ಸಿಗದ ಹಾಗೆ ಬೇಕಂತಲೇ ಮಾಡಿಟ್ಟಿರ್ತಾರೆ. ಇಲ್ಲಿ ಅದು ಇರ್ಲಿಲ್ಲ.

ಪರಿಹಾರ, ಮೇಲಿನ ರೌಟರನ್ನು ಬರೀ ಆಕ್ಸೆಸ್ ಪಾಯಿಂಟ್ ಮಾಡುದು, ಅಂದ್ರೆ ತನ್ನದೇ ನೆಟ್‌ವರ್ಕ್ ಕಟ್ಟದೆ ಕೆಳಗಿನದ್ದನ್ನೇ ಮೇಲೆ ಹರಡುವ ಹಾಗೆ. ಹೊಸ ರೌಟರಲ್ಲಾದ್ರೆ ಎಪಿ ಮೋಡ್ ಅಂತ ಒಂದು ಬಟನ್ ಇರ್ತದೆ, ಇದು ಹಳೇದು, ಕೈಯಲ್ಲೇ ಮಾಡ್ಬೇಕಾಯ್ತು. ಮೊದ್ಲು ಮೇಲಿನ ರೌಟರಿನ ಸೆಟ್ಟಿಂಗಿಗೆ ಹೋಗಿ ಅದ್ರ ಲ್ಯಾನ್ ಐಪಿಯನ್ನು 192.168.1.2 ಮಾಡಿದೆ. ಕೆಳಗಿನ ಬಾಕ್ಸ್ 10ರಿಂದ ಮೇಲಿನ ನಂಬರನ್ನಷ್ಟೇ ಹಂಚುದು ಅಂತ ಮೊದ್ಲೇ ನೋಡಿಕೊಂಡಿದ್ದೆ, ಹಾಗೆ 2 ಯಾರಿಗೂ ಡಿಕ್ಕಿ ಹೊಡಿಯುದಿಲ್ಲ. ರೀಸ್ಟಾರ್ಟ್ ಆದ ಮೇಲೆ ಹೊಸ ಐಪಿಯಲ್ಲಿ ಪುನಃ ಲಾಗಿನ್ ಆಗಿ ಡಿಎಚ್‌ಸಿಪಿ ಆಫ್. ಅದಾದ ಮೇಲೆಯೇ ವೈರನ್ನು ವ್ಯಾನ್ ಪೋರ್ಟಿಂದ ತೆಗೆದು ಲ್ಯಾನ್ ಪೋರ್ಟಿಗೆ ಹಾಕುದು. ಈ ಕ್ರಮ ತಪ್ಪಿಸಿ ಮೊದ್ಲೇ ವೈರ್ ಬದಲಿಸಿದ್ರೆ ಒಂದೇ ನೆಟ್‌ವರ್ಕಲ್ಲಿ ಇಬ್ರು ಐಪಿ ಹಂಚುವವ್ರು ಆಗ್ತಾರೆ, ಯಾರಿಗೆ ಯಾವ ಐಪಿ ಬಂತು ಅಂತ ಹುಡುಕುದ್ರಲ್ಲೇ ಮಂಡೆ ಬಿಸಿ. ವೈಫೈ ಹೆಸರು ಪಾಸ್‌ವರ್ಡ್ ಕೆಳಗಿನದ್ದೇ ಮೇಲೆಯೂ ಇಟ್ಟೆ, ಚಾನೆಲ್ ಮಾತ್ರ ಕೆಳಗೆ 1, ಮೇಲೆ 11.

ಈಗ ಡೆಸ್ಕ್‌ಟಾಪಿಗೂ 192.168.1.21 ಬಂತು. ಲ್ಯಾಪ್‌ಟಾಪಿಂದ ಪಿಂಗ್ ಹೊಡೆದೆ, ಅಂದ್ರೆ ಅಲ್ಲಿದ್ದೀಯಾ ಅಂತ ಕೇಳಿದೆ, ಉತ್ತರ ಇಲ್ಲ. ಪಿಂಗ್ ಆಗದಿದ್ರೆ ಅಲ್ಲಿಗೇ ಕೈಬಿಡ್ಬಾರ್ದು, ವಿಂಡೋಸಿನ ಫೈರ್‌ವಾಲ್ ಪಿಂಗಿಗೆ ಬಾಯಿ ಬಿಡದೆ ಕೂತ್ಕೊಳ್ಳುದು ಮಾಮೂಲಿ. ನೋಡ್ಬೇಕಾದ್ದು ಪೋರ್ಟ್ 445, ಎಸ್‌ಎಂಬಿ ಮಾತಾಡುದು ಅದ್ರಲ್ಲಿ. ಪವರ್‌ಶೆಲ್ಲಲ್ಲಿ ಟೆಸ್ಟ್-ನೆಟ್‌ಕನೆಕ್ಷನ್, ಮುಂದೆ ಐಪಿ, ಮುಂದೆ ಪೋರ್ಟ್ 445 ಕೊಟ್ರೆ ಕೊನೆಯ ಸಾಲಲ್ಲಿ ಟ್ರೂ ಅಥವಾ ಫಾಲ್ಸ್ ಅಂತ ಬರ್ತದೆ. ಫಾಲ್ಸ್ ಬಂತು.

ಮೇಲೆ ಹೋಗಿ ನೋಡಿದ್ರೆ ನೆಟ್‌ವರ್ಕ್ ಪಬ್ಲಿಕ್ ಅಂತ ಕೂತಿದೆ. ವಿಂಡೋಸ್ ಒಂದು ನೆಟ್‌ವರ್ಕನ್ನು ಗುರ್ತಿಸುದು ಗೇಟ್‌ವೇ ನೋಡಿ, ನಾವು ಗೇಟ್‌ವೇ ಬದಲಿಸಿದೆವಲ್ಲ, ಅದಕ್ಕೆ ಇದು ಯಾವುದೋ ಹೊಸ ಜಾಗ, ಬಸ್‌ಸ್ಟ್ಯಾಂಡ್ ವೈಫೈ ಇದ್ರೂ ಇರ್ಬಹುದು ಅಂತ ಲೆಕ್ಕ. ಸೆಟ್ಟಿಂಗ್ಸಲ್ಲಿ ಈಥರ್ನೆಟ್ ಒಳಗೆ ಪ್ರೈವೇಟ್ ಮಾಡಿದೆ, ಅಡ್ವಾನ್ಸ್ಡ್ ಶೇರಿಂಗಲ್ಲಿ ಪ್ರೈವೇಟ್ ಕೆಳಗೆ ನೆಟ್‌ವರ್ಕ್ ಡಿಸ್ಕವರಿ, ಫೈಲ್ ಆಂಡ್ ಪ್ರಿಂಟರ್ ಶೇರಿಂಗ್ ಎರಡೂ ಆನ್. ಲ್ಯಾಪ್‌ಟಾಪಲ್ಲೂ ಪ್ರೈವೇಟ್. ಕೆಳಗೆ ಬಂದು ಪುನಃ ಟೆಸ್ಟ್, ಪುನಃ ಫಾಲ್ಸ್!

ಇದು ಸ್ವಲ್ಪ ಹೊತ್ತು ಆಟ ಆಡಿಸಿತು. ಶೇರ್ ಉಂಟು, ಸರ್ವರ್ ಅನ್ನುವ ಸರ್ವಿಸ್ ಓಡ್ತಾ ಉಂಟು, ಡೆಸ್ಕ್‌ಟಾಪಲ್ಲೇ ಕೂತು ತನ್ನದೇ ಹೆಸರು ಹೊಡೆದ್ರೆ ಶೇರ್ ತೆರಿತದೆ. ಹೊರಗಿಂದ ಮಾತ್ರ ಇಲ್ಲ. ವಿಂಡೋಸ್ ಸೆಕ್ಯುರಿಟಿ ತೆರೆದು ಫೈರ್‌ವಾಲ್ ಪುಟ ನೋಡಿದಾಗ ಗೊತ್ತಾಯ್ತು, ಫೈರ್‌ವಾಲ್ ಈಗ ವಿಂಡೋಸಿನ ಕೈಯಲ್ಲೇ ಇಲ್ಲ, ಯಾವುದೋ ಕಾಲದಲ್ಲಿ ಹಾಕಿದ ಒಂದು ಆಂಟಿವೈರಸಿನ ಕೈಯಲ್ಲಿ ಉಂಟು. ಅದ್ರ ಲೈಸೆನ್ಸ್ ಮುಗಿದು ಎಷ್ಟೋ ಸಮಯ ಆಗಿದೆ, ಅಪ್‌ಡೇಟ್ ಇಲ್ಲ, ಆದ್ರೆ ಗೇಟ್ ಕಾಯುದು ಬಿಟ್ಟಿಲ್ಲ.

"ದೊಡ್ಡಪ್ಪ, ಇದು ತೆಗಿಬಹುದಾ?"

"ತೆಗಿ ತೆಗಿ, ದಿನಾ ದುಡ್ಡು ಕೇಳ್ತದೆ ಅದು."

ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್, ವಿಂಡೋಸಿನದ್ದೇ ಡಿಫೆಂಡರ್ ತಾನಾಗಿ ಎದ್ದು ಕೂತ್ಕೊಂಡಿತು. ಟೆಸ್ಟ್ ಮಾಡಿದೆ, ಟ್ರೂ. ಗಮನಿಸಿ, ಫೈರ್‌ವಾಲ್ ಆಫ್ ಮಾಡ್ಲಿಲ್ಲ.

ಈಗ ಲ್ಯಾಪ್‌ಟಾಪಲ್ಲಿ \\192.168.1.21 ಹೊಡೆದ್ರೆ ಎರರ್ ಬದಲಾಯ್ತು, ನನಗೆ ಖುಷಿಯೂ ಆಯ್ತು, ಎರರ್ ಬದಲಾಗುದು ಅಂದ್ರೆ ಒಂದು ಮೆಟ್ಟಿಲು ಹತ್ತಿದ ಲೆಕ್ಕ. ನಿಮ್ಮ ಸಂಸ್ಥೆಯ ಸೆಕ್ಯುರಿಟಿ ಪಾಲಿಸಿ ಗುರುತಿಲ್ಲದ ಗೆಸ್ಟಿಗೆ ಬಿಡುದಿಲ್ಲ ಅನ್ನುವ ಅರ್ಥದ ಮೆಸೇಜ್. ದೊಡ್ಡಪ್ಪ ಓದಿ, "ಎಂತ ಸಂಸ್ಥೆ ಮಾರಾಯ, ಇದು ನಮ್ಮ ಮನೆ ಅಲ್ವಾ?" ಅಂದ್ರು.

ಸಂಗತಿ ಎಂತ ಅಂದ್ರೆ, ಡೆಸ್ಕ್‌ಟಾಪಲ್ಲಿ ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆಫ್ ಉಂಟು, ದೊಡ್ಡಪ್ಪನ ಅಕೌಂಟಿಗೆ ಪಾಸ್‌ವರ್ಡೇ ಇಲ್ಲ. ಅಂದ್ರೆ ಹೊರಗಿಂದ ಬಂದವ್ರೆಲ್ಲ ಗೆಸ್ಟ್ ಆಗಿ ಒಳಗೆ. ವಿಂಡೋಸ್ 7ರ ಕಾಲದಲ್ಲಿ ಇದು ನಡೀತಿತ್ತು. ಈಗಿನ 24ಎಚ್2ನಲ್ಲಿ, ಪ್ರೊ ಆದ್ರೆ, ಎಸ್‌ಎಂಬಿ ಸೈನಿಂಗ್ ಕಡ್ಡಾಯ, ಪ್ರತಿ ಪ್ಯಾಕೆಟಿಗೂ ಸಹಿ ಬೇಕು, ಆ ಸಹಿಯ ಕೀ ಹುಟ್ಟುದು ಪಾಸ್‌ವರ್ಡ್ ಕೊಟ್ಟು ಲಾಗಿನ್ ಆದಾಗ. ಗೆಸ್ಟಿಗೆ ಪಾಸ್‌ವರ್ಡ್ ಇಲ್ಲ, ಹಾಗೆ ಸಹಿಯೂ ಇಲ್ಲ, ಲ್ಯಾಪ್‌ಟಾಪೇ ಬೇಡ ಅಂತ ಹಿಂದೆ ಸರಿತದೆ. ಅಂದ್ರೆ ಇಲ್ಲಿ ತಡೀತಾ ಇರುದು ಡೆಸ್ಕ್‌ಟಾಪ್ ಅಲ್ಲ, ಲ್ಯಾಪ್‌ಟಾಪ್. ಡೆಸ್ಕ್‌ಟಾಪಲ್ಲಿ ಎವ್ರಿವನ್‌ಗೆ ಎಷ್ಟು ಪರ್ಮಿಶನ್ ಸುರಿದ್ರೂ ಇದು ಬಗ್ಗುದಿಲ್ಲ.

ಗ್ರೂಪ್ ಪಾಲಿಸಿಗೆ ಹೋಗಿ ಇನ್‌ಸೆಕ್ಯೂರ್ ಗೆಸ್ಟ್ ಲಾಗಾನ್ ಎನೇಬಲ್ ಮಾಡಿ, ಸೈನಿಂಗ್ ತೆಗೆದ್ರೆ ಎರಡು ನಿಮಿಷದಲ್ಲಿ ಆಗ್ತದೆ. ಮಾಡ್ಲಿಲ್ಲ. ಮನೆಯ ನೆಟ್‌ವರ್ಕ್ ಅಲ್ವಾ ಎಂತ ಆಗ್ತದೆ ಅಂತ ಹೇಳುವವ್ರಿಗೆ 2017ರ ಮೇ ತಿಂಗಳ ವಾನಾಕ್ರೈ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳ್ತಿದ್ದ ವೈರಸ್, ನೆನಪಿರ್ಬಹುದು, ಅದು ಒಂದು ಕಂಪ್ಯೂಟರಿಂದ ಇನ್ನೊಂದಕ್ಕೆ ಹಾರಿದ್ದು ಇದೇ ಎಸ್‌ಎಂಬಿ1ರ ತೂತಿಂದ, ಮೈಕ್ರೋಸಾಫ್ಟ್ ಅದಕ್ಕೆ ಮಾರ್ಚಲ್ಲೇ ಪ್ಯಾಚ್ ಕೊಟ್ಟಿತ್ತು, ಹಾಕದವ್ರು ಸಿಕ್ಕಿಬಿದ್ರು. ಅದೇ ವರ್ಷದ ಅಕ್ಟೋಬರಲ್ಲಿ ಬಂದ ವಿಂಡೋಸ್ 10ರ 1709 ವರ್ಶನ್ನಿಂದ ಹೊಸದಾಗಿ ಹಾಕಿದ ವಿಂಡೋಸಲ್ಲಿ ಎಸ್‌ಎಂಬಿ1ರ ಸರ್ವರ್ ಭಾಗ ತಾನಾಗಿ ಬರುದಿಲ್ಲ. ನೆಟ್‌ವರ್ಕ್ ವಿಂಡೋದಲ್ಲಿ ಮೊದ್ಲು ತನ್ನಷ್ಟಕ್ಕೆ ಕಾಣ್ತಿದ್ದ ಕಂಪ್ಯೂಟರ್ ಈಗ ಕಾಣುದಿಲ್ಲ ಅಂತ ಹೇಳುದ್ರ ಹಿಂದೆಯೂ ಅದೇ ಉಂಟು, ನೆಟ್‌ವರ್ಕಿನ ಕಂಪ್ಯೂಟರುಗಳ ಪಟ್ಟಿ ಇಡುವ ಹಳೇ ಬ್ರೌಸರ್ ಸರ್ವಿಸ್ (ವೆಬ್ ನೋಡುವ ಬ್ರೌಸರ್ ಅಲ್ಲ) ಎಸ್‌ಎಂಬಿ1ರ ಬಾಲ ಹಿಡಿದು ಬದುಕಿದ್ದು. ದೊಡ್ಡಪ್ಪ ಕೇಳಿದ ಹೋಮ್‌ಗ್ರೂಪ್, ಅಂದ್ರೆ ಹಳೇ ವಿಂಡೋಸಿನ ಮನೆಯೊಳಗಿನ ಶೇರಿಂಗ್, ಕೂಡ ಇಲ್ಲ, 2018ರ 1803 ವರ್ಶನ್ನಲ್ಲಿ ತೆಗೆದುಬಿಟ್ರು. ಬೇರೆ ಕಾಪಿಯೇ ಇಲ್ಲದ ತಾಳಮದ್ದಳೆ ಇರುವ ಕಂಪ್ಯೂಟರಿಗೆ, ಅದೂ ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ಯಾರು ಬೇಕಾದ್ರೂ ಬರ್ಲಿ ಅಂತ ಬಿಡುದು ನನಗಂತೂ ಮನಸ್ಸಾಗುದಿಲ್ಲ.

ಸರಿಯಾದ ದಾರಿ ಅದಕ್ಕಿಂತ ಉದ್ದವೂ ಅಲ್ಲ. ಡೆಸ್ಕ್‌ಟಾಪಲ್ಲಿ ಶೇರಿಂಗಿಗೇ ಅಂತ ಒಂದು ಬೇರೆ ಲೋಕಲ್ ಯೂಸರ್ ಮಾಡಿದೆ, ಹೋಮ್ ಎಡಿಷನಲ್ಲಿ ಯೂಸರ್ ಮ್ಯಾನೇಜರ್ ಇರುದಿಲ್ಲ, ಹಾಗೆ ಸಿಎಂಡಿಯನ್ನು ಅಡ್ಮಿನ್ ಆಗಿ ತೆರೆದು ನೆಟ್ ಯೂಸರ್, ಹೆಸರು, ನಕ್ಷತ್ರ, ಸ್ಲ್ಯಾಶ್ ಆಡ್. ನಕ್ಷತ್ರ ಹಾಕಿದ್ರೆ ಪಾಸ್‌ವರ್ಡನ್ನು ಸ್ಕ್ರೀನಲ್ಲಿ ಕಾಣದ ಹಾಗೆ ಕೇಳ್ತದೆ. ದೊಡ್ಡಪ್ಪನ ಅಕೌಂಟ್ ಮುಟ್ಲಿಲ್ಲ, ಅವ್ರು ಪಾಸ್‌ವರ್ಡ್ ಇಲ್ಲದೆಯೇ ಮೇಲೆ ಕೂತು ಬಳಸ್ಲಿ, ಪಾಸ್‌ವರ್ಡ್ ಇಲ್ಲದ ಅಕೌಂಟಿಗೆ ವಿಂಡೋಸ್ ನೆಟ್‌ವರ್ಕಿಂದ ಲಾಗಿನ್ ಬಿಡುದೇ ಇಲ್ಲ, ಅದೊಂದು ಲೆಕ್ಕದಲ್ಲಿ ಒಳ್ಳೇದೇ. ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆನ್. ಯಕ್ಷಗಾನದ ಫೋಲ್ಡರ್ ಮಾತ್ರ ಶೇರ್, ಎವ್ರಿವನ್ ತೆಗೆದು ಈ ಹೊಸ ಯೂಸರಿಗೆ ರೀಡ್ ಮಾತ್ರ. ಸೆಕ್ಯುರಿಟಿ ಟ್ಯಾಬಲ್ಲೂ ಅದೇ ಯೂಸರಿಗೆ ರೀಡ್ ಕೊಡ್ಬೇಕು, ಶೇರ್ ಪರ್ಮಿಶನ್ ಒಂದು, ಡಿಸ್ಕಲ್ಲಿ ಫೋಲ್ಡರಿಗೇ ಅಂಟಿರುವ ಎನ್‌ಟಿಎಫ್‌ಎಸ್ ಪರ್ಮಿಶನ್ ಇನ್ನೊಂದು, ಎರಡ್ರಲ್ಲಿ ಯಾವುದು ಬಿಗಿಯೋ ಅದೇ ನಡೆಯುದು.

ಲ್ಯಾಪ್‌ಟಾಪಲ್ಲಿ ಮೊದ್ಲಿನ ಅರೆಬರೆ ಕನೆಕ್ಷನ್ ನೇತಾಡ್ತಾ ಇದ್ರೆ 1219 ಅಂತ ಎರರ್ ಬರ್ತದೆ, ಒಂದೇ ಸರ್ವರಿಗೆ ಎರಡು ಹೆಸರಲ್ಲಿ ಬರ್ಬೇಡ ಅಂತ. ನೆಟ್ ಯೂಸ್ ನಕ್ಷತ್ರ ಸ್ಲ್ಯಾಶ್ ಡಿಲೀಟ್ ಹೊಡೆದು ಎಲ್ಲ ಗುಡಿಸಿ, ಕ್ರೆಡೆನ್ಶಿಯಲ್ ಮ್ಯಾನೇಜರಲ್ಲಿ ವಿಂಡೋಸ್ ಕ್ರೆಡೆನ್ಶಿಯಲ್ಸ್ ಕೆಳಗೆ ಐಪಿ, ಯೂಸರ್ ಹೆಸರು, ಪಾಸ್‌ವರ್ಡ್ ಸೇರಿಸಿದೆ. ಯೂಸರ್ ಹೆಸರಿನ ಹಿಂದೆ ಡೆಸ್ಕ್‌ಟಾಪಿನ ಹೆಸರು ಮತ್ತೆ ಬ್ಯಾಕ್‌ಸ್ಲ್ಯಾಶ್ ಹಾಕಿದ್ರೆ ಒಳ್ಳೇದು, ಇಲ್ಲದಿದ್ರೆ ಕೆಲವು ಸಲ ಲ್ಯಾಪ್‌ಟಾಪ್ ತನ್ನದೇ ಯೂಸರ್ ಅಂತ ತಿಳ್ಕೊಳ್ತದೆ. ಇಲ್ಲಿ ಪಿನ್ ಹಾಕಿದ್ರೆ ಆಗುದಿಲ್ಲ, ಪಿನ್ ಆ ಒಂದು ಮೆಷೀನಿಗೆ ಮಾತ್ರ, ನೆಟ್‌ವರ್ಕಿಗೆ ಪಾಸ್‌ವರ್ಡೇ ಬೇಕು. ಶೇರನ್ನು ವೈ ಡ್ರೈವ್ ಮಾಡಿ ಮ್ಯಾಪ್ ಮಾಡಿದೆ, ತೆರೀತು. ಬಡಗು, ತೆಂಕು, ತಾಳಮದ್ದಳೆ ಮೂರು ಫೋಲ್ಡರ್.

ತಾಳಮದ್ದಳೆ ಒಳಗೆ ಹೋದ್ರೆ ಆಕ್ಸೆಸ್ ಡಿನೈಡ್.

ಬಡಗು, ತೆಂಕು ಎರಡೂ ಸರಿ ಉಂಟು, ಇದೊಂದು ಮಾತ್ರ ಇಲ್ಲ. ಡೆಸ್ಕ್‌ಟಾಪಲ್ಲಿ ಆ ಫೋಲ್ಡರಿನ ಸೆಕ್ಯುರಿಟಿ ಟ್ಯಾಬ್ ನೋಡಿದ್ರೆ ಹೆಸರಿನ ಜಾಗದಲ್ಲಿ ಎಸ್-1-5-21 ಅಂತ ಶುರುವಾಗುವ ಉದ್ದದ ನಂಬರ್. ಈ ಡಿಸ್ಕ್ ಮೊದ್ಲು ಬೇರೊಂದು ಕಂಪ್ಯೂಟರಲ್ಲಿ ಇದ್ದದ್ದು, ಅಲ್ಲಿನ ಯೂಸರಿನ ಗುರುತು ಅದು, ಆ ಯೂಸರ್ ಈಗ ಇಲ್ಲ, ನಂಬರ್ ಮಾತ್ರ ಉಳಿದಿದೆ. ಫೋಲ್ಡರನ್ನು ಅದೇ ಡ್ರೈವಿನ ಒಳಗೆ ಮೂವ್ ಮಾಡಿದ್ರೆ ಹಳೇ ಪರ್ಮಿಶನ್ ಜೊತೆಗೇ ಬರ್ತದೆ, ಕಾಪಿ ಮಾಡಿದ್ರೆ ಹೊಸ ಜಾಗದ್ದು ಹತ್ಕೊಳ್ತದೆ. ಬಡಗು ತೆಂಕು ಕಾಪಿ ಆದದ್ದು, ತಾಳಮದ್ದಳೆ ಕಟ್ ಮಾಡಿ ಪೇಸ್ಟ್ ಮಾಡಿದ್ದಿರ್ಬೇಕು. ಅಡ್ವಾನ್ಸ್ಡ್‌ಗೆ ಹೋಗಿ ಓನರ್ ದೊಡ್ಡಪ್ಪನ ಅಕೌಂಟ್ ಮಾಡಿ, ಇನ್‌ಹೆರಿಟೆನ್ಸ್ (ಮೇಲಿನ ಫೋಲ್ಡರಿನ ಪರ್ಮಿಶನ್ ಇದಕ್ಕೂ ಬರುದು) ಆನ್ ಮಾಡಿ, ಒಳಗಿನ ಎಲ್ಲದಕ್ಕೂ ಇದೇ ಹಾಕು ಅನ್ನುವ ಟಿಕ್ ಕೊಟ್ಟೆ. ಫೈಲ್ ತುಂಬ ಇದ್ದ ಕಾರಣ ಒಂದು ಕಾಫಿ ಕುಡಿದು ಬರುವಷ್ಟು ಹೊತ್ತು ಹಿಡೀತು. ಇದನ್ನು ಆ ಫೋಲ್ಡರಿಗೆ ಮಾತ್ರ ಮಾಡಿ, ಸಿ ಡ್ರೈವಿನ ಬುಡದಲ್ಲಿ ಹೋಗಿ ಮಾಡಿದ್ರೆ ವಿಂಡೋಸೇ ಏಳ್ಲಿಕ್ಕಿಲ್ಲ.

ಕೇಳ್ಲಿಕ್ಕೆ ಸಾಕಾಯ್ತು. ಬ್ಯಾಕಪ್ಪಿಗೆ ಅಂತ ಲ್ಯಾಪ್‌ಟಾಪನ್ನು ಚಾವಡಿಯ ಬಾಕ್ಸಿಗೆ ವೈರಲ್ಲಿ ಹಾಕಿ, ಎಕ್ಸ್‌ಟರ್ನಲ್ ಡಿಸ್ಕ್ ಚುಚ್ಚಿ ಕಾಪಿ ಶುರು ಮಾಡಿದ್ರೆ ಸ್ಪೀಡ್ ಸೆಕೆಂಡಿಗೆ 11 ಎಂಬಿಯಲ್ಲಿ ಗಟ್ಟಿ ನಿಂತಿದೆ, ಮೇಲೂ ಇಲ್ಲ ಕೆಳಗೂ ಇಲ್ಲ. ಈ 11 ಕಂಡ್ರೆ ಬೇರೆ ಯೋಚನೆ ಬೇಡ, ನಡುವೆ ಎಲ್ಲೋ ಲಿಂಕ್ 100 ಎಂಬಿಪಿಎಸ್‌ಗೆ ಇಳಿದಿದೆ. 600 ಜಿಬಿಗೆ ಹಾಗೆ 15 ಗಂಟೆ. ಗಿಗಾಬಿಟ್ಟಲ್ಲಿ ಸೆಕೆಂಡಿಗೆ 100 ಎಂಬಿ ಸಿಕ್ಕಿದ್ರೆ ಎರಡು ಗಂಟೆಯೂ ಬೇಡ.

ಇಲ್ಲಿ ಎರಡು ಕಡೆ ತೊಂದ್ರೆ ಇತ್ತು. ಒಂದು, ಮೇಲಿನ ಹಳೇ ರೌಟರಿನ ಲ್ಯಾನ್ ಪೋರ್ಟುಗಳೇ 100ರದ್ದು, ಅದ್ರ ಮೂಲಕ ಹೋದ್ರೆ ಎಂತ ಮಾಡಿದ್ರೂ ಅಷ್ಟೇ. ಅದಕ್ಕೆ ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ ತಂದು ಕೆಳಗಿಂದ ಬಂದ ವೈರನ್ನು ಸ್ವಿಚ್ಚಿಗೆ, ಸ್ವಿಚ್ಚಿಂದ ಒಂದು ಡೆಸ್ಕ್‌ಟಾಪಿಗೆ, ಒಂದು ರೌಟರಿಗೆ. ಆದ್ರೂ ಕೆಳಗಿಂದ ಬಂದ ವೈರಿನ ಪೋರ್ಟಿನ ಲೈಟ್ 100ರದ್ದೇ ಉರೀತಿತ್ತು. ಕನೆಕ್ಟರ್ ತೆಗೆದು ಬೆಳಕಿಗೆ ಹಿಡಿದ್ರೆ ಪಿನ್ನಿನ ತುದಿಯಲ್ಲಿ ಹಸಿರು ಕಿಲುಬು. ಕಡಲು ಹತ್ರ, ಉಪ್ಪಿನ ಗಾಳಿ, ಅದ್ರ ಮೇಲೆ ನಾಲ್ಕು ತಿಂಗಳು ಮಳೆ, ಹೊರಗೋಡೆಯ ವೈರು, ಕೇಳ್ಬೇಕಾ. ಗಿಗಾಬಿಟ್ಟಿಗೆ ಎಂಟೂ ತಂತಿ ಬೇಕು, 100ಕ್ಕೆ 1, 2, 3, 6 ಈ ನಾಲ್ಕೇ ಸಾಕು. ನೀಲಿ ಕಂದು ಜೋಡಿ ಕೆಟ್ರೆ ನೆಟ್ ನಿಲ್ಲುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿತದೆ, ಇಂಟರ್ನೆಟ್ ಪ್ಲಾನೇ 100ರದ್ದಾದ್ರೆ ಯಾರಿಗೂ ವ್ಯತ್ಯಾಸ ತಿಳಿಯುದಿಲ್ಲ. ಹೊರಗಿನ ವೈರ್ ಬಿಟ್ಟು ಒಳಗಿಂದಲೇ ಮೆಟ್ಟಿಲ ಬದಿಯಲ್ಲಿ ಹೊಸ ಕ್ಯಾಟ್6 ಎಳೆದೆ, ಪೂರ್ತಿ ತಾಮ್ರದ್ದು ನೋಡಿ ತಕ್ಕೊಳ್ಳಿ, ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದು ಕಡಿಮೆ ರೇಟಿಗೆ ಸಿಗ್ತದೆ, ಬೇಡ ಅದು. ಎರಡೂ ತುದಿ ಕ್ರಿಂಪ್ ಮಾಡಿದ ಬಣ್ಣದ ಕ್ರಮ: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಹೊರಗೋಡೆಯಲ್ಲಿ ಉದ್ದದ ತಾಮ್ರದ ವೈರ್ ಇದ್ರೆ ಏಪ್ರಿಲ್ ಮೇಯ ಗುಡುಗು ಸಿಡಿಲಿಗೆ ಪೋರ್ಟ್ ಸುಟ್ಟು ಹೋಗುವ ಹೆದರಿಕೆ ಬೇರೆ, ಫೈಬರಿಗೆ ಆ ಸಮಸ್ಯೆ ಇಲ್ಲ, ಗಾಜು ಅಲ್ವಾ.

ದೊಡ್ಡ ವಿಡಿಯೋ ಫೈಲುಗಳು ಈಗ 100ರ ಹತ್ರ ಓಡಿದ್ವು, ಸಣ್ಣ ಸಣ್ಣ ಎಂಪಿ3 ಸಾವಿರಗಟ್ಟಲೆ ಇರುವಲ್ಲಿ ಎಂತ ಮಾಡಿದ್ರೂ ನಿಧಾನವೇ. ಕಾಪಿ ಪೇಸ್ಟ್ ಬದ್ಲು ವಿಂಡೋಸಿನದ್ದೇ ಕಾಪಿ ಮಾಡುವ ಕಮಾಂಡ್ ರೋಬೋಕಾಪಿ ಬಳಸಿದೆ, ಅದ್ರಲ್ಲಿ ಆರ್ (ಎಷ್ಟು ಸಲ ಪುನಃ ಪ್ರಯತ್ನ) ಮತ್ತೆ ಡಬ್ಲ್ಯೂ (ನಡುವೆ ಎಷ್ಟು ಕಾಯುದು) ನೀವೇ ಕೊಡಿ, ನಾನು 2 ಸಲ, 5 ಸೆಕೆಂಡ್ ಕೊಟ್ಟೆ. ಕೊಡದಿದ್ರೆ ಒಂದು ಫೈಲ್ ಓದ್ಲಿಕ್ಕೆ ಆಗದಿದ್ದಲ್ಲಿ 30 ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲ ಪ್ರಯತ್ನ ಮಾಡ್ತಾ ಕೂರ್ತದೆ, ಅದೇ ಅದ್ರ ಡಿಫಾಲ್ಟ್. ಮಿರರ್ ಆಪ್ಷನ್ ಹಾಕ್ಲಿಲ್ಲ, ಮೂಲದಲ್ಲಿ ಡಿಲೀಟ್ ಆದದ್ದನ್ನು ಬ್ಯಾಕಪ್ಪಿಂದಲೂ ಅಳಿಸ್ತದೆ ಅದು.

ಸಣ್ಣಪುಟ್ಟದ್ದು ಕೊನೆಗೆ. ಡೆಸ್ಕ್‌ಟಾಪಿನ ಐಪಿ ಬದಲಾಗದ ಹಾಗೆ ಕೆಳಗಿನ ಬಾಕ್ಸಲ್ಲಿ ಅದ್ರ ಮ್ಯಾಕ್ ನಂಬರಿಗೆ (ನೆಟ್‌ವರ್ಕ್ ಕಾರ್ಡಿನ ಸ್ವಂತ ನಂಬರ್) 192.168.1.21 ಕಟ್ಟಿಹಾಕಿದೆ. ಡೆಸ್ಕ್‌ಟಾಪ್ ಅರ್ಧ ಗಂಟೆಗೆ ನಿದ್ದೆ ಹೋಗ್ತಿತ್ತು, ನಿದ್ದೆ ಹೋದ್ರೆ ಶೇರೂ ಇಲ್ಲ, ಪವರ್ ಸೆಟ್ಟಿಂಗಲ್ಲಿ ಸ್ಲೀಪ್ ನೆವರ್ ಮಾಡಿದೆ, ಸ್ಕ್ರೀನ್ ಮಾತ್ರ ಆರ್ಲಿ. ಐಕಾನ್ ಕಾಣ್ಬೇಕು ಅಂತ ದೊಡ್ಡಪ್ಪನಿಗೆ ಹಠ, ಹಾಗೆ ಸರ್ವಿಸಸಲ್ಲಿ ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್ ಅನ್ನುವುದನ್ನು ಆಟೋಮ್ಯಾಟಿಕ್ ಮಾಡಿ ಸ್ಟಾರ್ಟ್ ಕೊಟ್ಟೆ, ಸ್ವಲ್ಪ ಹೊತ್ತಲ್ಲಿ ಲ್ಯಾಪ್‌ಟಾಪಿನ ನೆಟ್‌ವರ್ಕಲ್ಲಿ ಹೆಸರು ಬಂತು. ರೋಬೋಕಾಪಿಯ ಲಾಗಲ್ಲಿ ಫೇಲ್ಡ್ ಕಾಲಮಲ್ಲಿ ಒಂದೆರಡು ಫೈಲ್ ಬಿದ್ದಿವೆ, ಹಳೇ ಡಿಸ್ಕಿನ ಬ್ಯಾಡ್ ಸೆಕ್ಟರ್ ಇರ್ಬೇಕು ಅಂತ ಸಂಶಯ. ಅದ್ರ ಕ್ಯಾಸೆಟ್ ಅಟ್ಟದ ಪೆಟ್ಟಿಗೆಯಲ್ಲಿ ಉಂಟಂತೆ, ಪ್ಲೇಯರಿನ ಬೆಲ್ಟ್ ತುಂಡಾಗಿದೆ, ಮುಂದಿನ ವಾರ ಅದನ್ನು ಬಿಚ್ಚಬೇಕು.